ಮನೆಯ ಪ್ರಿಂಟರ್‌ಗೆ ಯಾವ ನೀರು?



ಸ್ಕಾಲರ್‌ಶಿಪ್ ಅರ್ಜಿ, ಪರೀಕ್ಷಾ ಅರ್ಜಿ, ಪ್ರಾಜೆಕ್ಟ್ ಕಾಲ ಬಂತೆಂದರೆ ನನಗೆ ರಸಾಯನಶಾಸ್ತ್ರದ ಪ್ರಶ್ನೆಗಳಿಗಿಂತ ಪ್ರಿಂಟರ್ ಪ್ರಶ್ನೆಗಳೇ ಹೆಚ್ಚು ಬರುತ್ತವೆ. “ಸರ್, ಪ್ರಿಂಟ್ ಗೆರಿ ಗೆರಿ ಬರ್ಲಿಕತ್ತದ್ರಿ.” “ಸರ್, ಕೆಂಪು ಬಣ್ಣ ಬರವಲ್ದ್ರಿ.” “ಸರ್, ಮೊಬೈಲ್‌ನಾಗ ವಿಡಿಯೋ ನೋಡೀನ್ರಿ, ನೇಲ್ ಪಾಲಿಶ್ ರಿಮೂವರ್ ಹಾಕಿದ್ರ ನಡೀತದೇನ್ರಿ?” ಕೊನೆಯ ಪ್ರಶ್ನೆಯನ್ನು ಈ ವರ್ಷ ಮೂರು ಜನ ಕೇಳಿದರು. ಮೂವರಿಗೂ ಬೇರೆ ಬೇರೆಯಾಗಿ ಹೇಳುವ ಬದಲು ಒಮ್ಮೆ ಬರೆದುಬಿಡೋಣ ಎಂದುಕೊಂಡೆ. ಹೇಗೂ ಇದರಲ್ಲಿ ಬರುವುದೆಲ್ಲ ನಿಮ್ಮ ಪಠ್ಯದ ರಸಾಯನಶಾಸ್ತ್ರ, ಭೌತಶಾಸ್ತ್ರವೇ.

ಮೊದಲೇ ಹೇಳಿಬಿಡುತ್ತೇನೆ. ಮನೆಯಲ್ಲಿ ಇಂಕ್‌ಜೆಟ್ ಪ್ರಿಂಟರ್ ಸ್ವಚ್ಛ ಮಾಡಲು ಬೇಕಾದ ಮುಖ್ಯ ವಸ್ತು ಬಟ್ಟಿ ಇಳಿಸಿದ ನೀರು, ಅಂದರೆ ಡಿಸ್ಟಿಲ್ಡ್ ವಾಟರ್. ಮನೆಯ ಕಪಾಟಿನಲ್ಲಿರುವ ಉಳಿದ ಬಾಟಲಿಗಳಲ್ಲಿ ಬಹುತೇಕ ಬೇಡವೇ ಬೇಡ. ಏಕೆ ಬೇಡ ಎಂಬುದು ತಿಳಿಯದಿದ್ದರೆ ಈ ಮಾತು ತಲೆಯಲ್ಲಿ ನಿಲ್ಲುವುದಿಲ್ಲ. ಮುಂದಿನ ವಿಡಿಯೋ ನೋಡಿದ ಕೂಡಲೇ ಮರೆತುಹೋಗುತ್ತದೆ. ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ.

2020 ಮತ್ತು 2021ರ ಲಾಕ್‌ಡೌನ್ ವೇಳೆ ಪಾಠಗಳು ಮೊಬೈಲಿಗೆ ಬಂದಾಗ ನಮ್ಮ ಕಡೆಯ ಅನೇಕ ಮನೆಗಳಿಗೆ ಮೊದಲ ಸಲ ಪ್ರಿಂಟರ್ ಬಂತು. ಕೆಲವರ ಮನೆಯಲ್ಲಿ ಅದು ಈಗಲೂ ನೋಟ್ಸ್ ತೆಗೆಯುವುದಕ್ಕಷ್ಟೇ. ಇನ್ನು ಕೆಲವರ ಮನೆಯಲ್ಲಿ ಅದು ಮುಂದಿನ ಕೋಣೆಯ ಮೇಜಿನ ಮೇಲೆ ಕೂತು ಪಹಣಿ, ಆಧಾರ್, ಆದಾಯ ಪ್ರಮಾಣಪತ್ರ ತೆಗೆದುಕೊಟ್ಟು ದಿನದ ಸಂತೆ ಖರ್ಚು ದುಡಿಯುತ್ತದೆ. ಅಂಥ ಯಂತ್ರದ ಹೆಡ್ ಕೆಟ್ಟರೆ ಬದಲಿಸುವ ಖರ್ಚು ಎಷ್ಟೋ ಸಲ ಹೊಸ ಪ್ರಿಂಟರ್ ಬೆಲೆಯ ಹತ್ತಿರಕ್ಕೇ ಹೋಗುತ್ತದೆ. ತಪ್ಪು ಬಾಟಲಿ ಎತ್ತಿಕೊಂಡರೆ ಆಗುವ ನಷ್ಟ ಅಷ್ಟು.

ಹನಿ ಚಿಮ್ಮುವುದು ಹೇಗೆ

ಇಂಕ್‌ಜೆಟ್ ಎಂದರೆ ಶಾಯಿಯ ಹನಿಯನ್ನು ಕಾಗದದ ಮೇಲೆ ಚಿಮ್ಮಿಸುವ ಯಂತ್ರ. ಚಿಮ್ಮಿಸಲು ಎರಡು ದಾರಿಗಳಿವೆ. ಒಂದು ಬಿಸಿಯ ದಾರಿ. 1977ರಲ್ಲಿ ಜಪಾನಿನ ಕ್ಯಾನನ್ ಕಂಪನಿಯ ಪ್ರಯೋಗಾಲಯದಲ್ಲಿ ಕಾದ ಸೋಲ್ಡರಿಂಗ್ ಐರನ್ ಒಂದು, ಶಾಯಿ ತುಂಬಿದ ಸಿರಿಂಜಿನ ಸೂಜಿಗೆ ತಾಗಿತು. ಸೂಜಿಯ ತುದಿಯಿಂದ ಶಾಯಿ ಚಿಮ್ಮಿತು. ಬಬಲ್ ಜೆಟ್ ಹುಟ್ಟಿದ್ದು ಅಲ್ಲಿಂದ. ಅಮೆರಿಕದ ಎಚ್‌ಪಿ ಕಂಪನಿಯೂ ಇದೇ ತತ್ವ ಹಿಡಿದು 1984ರಲ್ಲಿ ಥಿಂಕ್‌ಜೆಟ್ ಎಂಬ ಪ್ರಿಂಟರ್ ತಂದಿತು. ಇದರೊಳಗಿನ ಪುಟ್ಟ ಹೀಟರ್ ಕೆಲವೇ ಮೈಕ್ರೋಸೆಕೆಂಡಿನಲ್ಲಿ ಸುಮಾರು 300 ಡಿಗ್ರಿ ಸೆಲ್ಸಿಯಸ್‌ಗೆ ಕಾಯುತ್ತದೆ, ಶಾಯಿಯಲ್ಲಿರುವ ನೀರು ಗುಳ್ಳೆಯಾಗುತ್ತದೆ, ಗುಳ್ಳೆ ಹನಿಯನ್ನು ಹೊರಗೆ ದಬ್ಬುತ್ತದೆ. ಎರಡನೆಯದು ಒತ್ತುವ ದಾರಿ. ವಿದ್ಯುತ್ ಕೊಟ್ಟಾಗ ಆಕಾರ ಬದಲಿಸುವ ಪೀಜೋ ವಸ್ತು ಶಾಯಿಯ ಕೋಶವನ್ನು ಹಿಂಡುತ್ತದೆ. 1993ರಲ್ಲಿ ಎಪ್ಸನ್ ಕಂಪನಿಯ ಸ್ಟೈಲಸ್ 800 ಈ ದಾರಿಯಲ್ಲಿ ಬಂತು.

ಮನೆಯಲ್ಲಿ ಪ್ರಿಂಟರ್ ತೊಳೆಯುವವನಿಗೆ ಈ ಇತಿಹಾಸ ಏಕೆ ಬೇಕು ಎಂದರೆ, ಬಿಸಿಯ ದಾರಿಯ ಅನೇಕ ಚಿಕ್ಕ ಪ್ರಿಂಟರ್‌ಗಳಲ್ಲಿ ಶಾಯಿಯ ರಂಧ್ರಗಳು ಕಾರ್ಟ್ರಿಜ್‌ನ ಮೇಲೆಯೇ ಇರುತ್ತವೆ. ಕಾರ್ಟ್ರಿಜ್ ಬದಲಿಸಿದರೆ ಹೆಡ್ ಬದಲಿಸಿದಂತೆಯೇ. ಪೀಜೋ ಪ್ರಿಂಟರ್‌ನಲ್ಲಿ ಹೆಡ್ ಯಂತ್ರಕ್ಕೇ ಕೂಡಿಕೊಂಡಿರುತ್ತದೆ. ಅದು ಹೋದರೆ ಯಂತ್ರ ಹೋದ ಹಾಗೆ. ನಿಮ್ಮದು ಯಾವುದು ಎಂದು ಮೊದಲು ನೋಡಿಕೊಳ್ಳಿ. ಕಾರ್ಟ್ರಿಜ್ ಹೊರತೆಗೆದಾಗ ಅದರ ತಳದಲ್ಲಿ ಹೊಳೆಯುವ ಸಣ್ಣ ಪಟ್ಟಿ, ಬೆನ್ನಿಗೆ ತಾಮ್ರದ ಬಣ್ಣದ ಚುಕ್ಕಿಗಳು ಕಂಡರೆ ಮೊದಲನೆಯ ಜಾತಿ.

ಈ ರಂಧ್ರದ ಅಗಲ ಸುಮಾರು 20 ಮೈಕ್ರೋಮೀಟರ್. ನಿಮ್ಮ ತಲೆಗೂದಲು ಅದಕ್ಕಿಂತ ಮೂರು ಪಟ್ಟು ದಪ್ಪ. ಒಂದು ಹನಿಯ ಗಾತ್ರ ಕೆಲವು ಪಿಕೋಲೀಟರ್. ಒಂದು ಪಿಕೋಲೀಟರ್ ಎಂದರೆ ಲೀಟರಿನ ಲಕ್ಷ ಕೋಟಿಯಲ್ಲಿ ಒಂದು ಭಾಗ. ಹನಿ 4 ಪಿಕೋಲೀಟರ್ ಎಂದಿಟ್ಟುಕೊಂಡರೆ ಒಂದು ಮಿಲಿಲೀಟರ್ ಶಾಯಿಯಿಂದ 25 ಕೋಟಿ ಹನಿ. ಇಷ್ಟು ಸೂಕ್ಷ್ಮವಾದ ಬಾಯಿಗೆ ಪಿನ್ನು, ಸೂಜಿ ಹಾಕಿ ಕೆದಕುವುದನ್ನೂ ನಾನು ಕೇಳಿದ್ದೇನೆ. ಹಾರೆ ಹಾಕಿ ಸೂಜಿಯ ಕಣ್ಣು ಬಿಡಿಸಿದ ಹಾಗೆ.

ನಮ್ಮ ಬಿಸಿಲು, ನಮ್ಮ ಕರೆಂಟ್

ಶಾಯಿಯಲ್ಲಿ ಹೆಚ್ಚಿನ ಪಾಲು ನೀರು. ಅದರ ಜೊತೆ ಬಣ್ಣ, ಬೇಗ ಒಣಗದಂತೆ ತಡೆಯುವ ಗ್ಲಿಸರಾಲ್ ಅಥವಾ ಗ್ಲೈಕಾಲ್, ಕಾಗದಕ್ಕೆ ಸರಿಯಾಗಿ ಹರಡಲಿ ಎಂದು ಸ್ವಲ್ಪ ಮೇಲ್ಮೈ ಸಕ್ರಿಯ ವಸ್ತು. ಗ್ಲಿಸರಾಲ್ ಅಣುವಿನಲ್ಲಿ ಮೂರು ಹೈಡ್ರಾಕ್ಸಿಲ್ ಗುಂಪುಗಳಿವೆ. ಅವು ಹೈಡ್ರೋಜನ್ ಬಂಧದಿಂದ ನೀರನ್ನು ಹಿಡಿದುಕೊಳ್ಳುತ್ತವೆ. ಪುಸ್ತಕದಲ್ಲಿ ಓದಿದ ಹೈಡ್ರೋಜನ್ ಬಂಧ ನಿಮ್ಮ ಪ್ರಿಂಟರನ್ನು ಕಾಯುತ್ತಿದೆ. ಆದರೆ ಎಷ್ಟು ದಿನ ಕಾಯುತ್ತದೆ? ಬೇಸಿಗೆಯಲ್ಲಿ ನಮ್ಮ ಜಿಲ್ಲೆಯ ತಾಪಮಾನ 40 ಡಿಗ್ರಿ ದಾಟುತ್ತದೆ, ಗಾಳಿಯಲ್ಲಿ ತೇವವೇ ಇರುವುದಿಲ್ಲ. ಒಗೆದ ಬಟ್ಟೆ ಅರ್ಧ ಗಂಟೆಯಲ್ಲಿ ಗರಿಗರಿಯಾಗುವ ಊರಿನಲ್ಲಿ ತೆರೆದ ರಂಧ್ರದ ಶಾಯಿ ಒಣಗದೆ ಇರುವುದೇ?

ಅದಕ್ಕಾಗಿಯೇ ಪ್ರಿಂಟರ್ ತನ್ನ ಹೆಡ್‌ಗೆ ಒಂದು ಮುಚ್ಚಳ ಇಟ್ಟುಕೊಂಡಿದೆ. ಕೆಲಸ ಮುಗಿದ ಮೇಲೆ ಹೆಡ್ ಬಲತುದಿಗೆ ಹೋಗಿ ರಬ್ಬರ್ ಬಾಯಿಯ ಒಂದು ತೊಟ್ಟಿಯ ಮೇಲೆ ಕೂರುತ್ತದೆ. ಮುಚ್ಚಳ ಹಾಕಿದ ಪೆನ್ನಿನಂತೆ. ಈಗ ನೋಡಿ: ನೀವು ಗೋಡೆಯ ಸ್ವಿಚ್ ಆರಿಸಿದರೆ, ಇಲ್ಲವೇ ಪ್ರಿಂಟ್ ನಡೆದಿರುವಾಗಲೇ ಕರೆಂಟ್ ಹೋದರೆ, ಹೆಡ್ ದಾರಿಯ ನಡುವೆ ಬಾಯಿ ತೆರೆದು ನಿಂತುಬಿಡುತ್ತದೆ. ನಮ್ಮ ಕಡೆ ಹೆಡ್ ಕಟ್ಟಿಕೊಳ್ಳಲು ನಾನು ಕಂಡ ದೊಡ್ಡ ಕಾರಣ ಇದು. ಪ್ರಿಂಟರ್‌ನ ಸ್ವಂತ ಗುಂಡಿ ಒತ್ತಿ, ಅದು ಗರಗರ ಎಂದು ಸದ್ದು ಮಾಡಿ ಸುಮ್ಮನಾದ ಮೇಲೆಯೇ ಗೋಡೆಯ ಸ್ವಿಚ್ ಮುಟ್ಟಬೇಕು. ಕರೆಂಟ್ ಹೋಗಿದ್ದರೆ, ಬಂದ ಕೂಡಲೇ ಒಮ್ಮೆ ಆನ್ ಮಾಡಿ ಗುಂಡಿಯಿಂದ ಆರಿಸಿ. ಹೆಡ್ ತಾನಾಗಿಯೇ ಮನೆ ಸೇರುತ್ತದೆ. ಇಷ್ಟು ಮಾಡಿ, ವಾರಕ್ಕೊಮ್ಮೆ ಎಲ್ಲ ಬಣ್ಣ ಬರುವ ಒಂದು ಪುಟ ತೆಗೆದರೆ ಈ ಲೇಖನದ ಉಳಿದ ಭಾಗ ನಿಮಗೆ ಬೇಕಾಗುವುದು ಅಪರೂಪ.

ಒಂದು ಹನಿ ಬೋರ್ ನೀರಿನ ಲೆಕ್ಕ

ಈಗ ಮುಖ್ಯ ವಿಷಯಕ್ಕೆ ಬರೋಣ. ಒಣಗಿದ ಶಾಯಿಯ ಬಹುಪಾಲು ನೀರಿಗೆ ಮೆತ್ತಗಾಗುತ್ತದೆ, ಏಕೆಂದರೆ ಅದು ನೀರಿನಲ್ಲೇ ತಯಾರಾದದ್ದು. ಹಾಗಿದ್ದರೆ ನಲ್ಲಿ ನೀರು ಏಕೆ ಬೇಡ?

ಶಹಾಪುರದ ಕಡೆಯಿಂದ ಬರುವವರಿಗೆ ಪರಸಿ ಕಲ್ಲಿನ ಪರಿಚಯ ಹೇಳಬೇಕಿಲ್ಲ. ಭೀಮಾ ಕೊಳ್ಳದ ಈ ಕಲ್ಲು ಸುಣ್ಣದ ಕಲ್ಲು, ಅಂದರೆ ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಇಂಥ ನೆಲದಲ್ಲಿ ಇಳಿದ ಮಳೆನೀರು ಇಂಗಾಲದ ಡೈಆಕ್ಸೈಡ್ ಕೂಡಿಕೊಂಡು ಕಲ್ಲನ್ನು ಸ್ವಲ್ಪ ಸ್ವಲ್ಪವೇ ಕರಗಿಸುತ್ತದೆ. ಬೋರ್‌ವೆಲ್ಲಿನಲ್ಲಿ ನಮಗೆ ಸಿಗುವುದು ಕ್ಯಾಲ್ಸಿಯಂ ಬೈಕಾರ್ಬೊನೇಟ್ ತುಂಬಿದ ಗಡಸು ನೀರು. ನಿಮ್ಮ ಮನೆಯ ಏರ್‌ಕೂಲರ್ ನೋಡಿ. ಮೇ ತಿಂಗಳ ಕೊನೆಗೆ ಅದರ ಹುಲ್ಲಿನ ಮೇಲೆ ಬಿಳಿ ಹೊಪ್ಪಳೆ ಕಟ್ಟಿರುತ್ತದೆ. ನೀರು ಆವಿಯಾಗಿ ಹೋಗಿದೆ, ಕಲ್ಲು ಮತ್ತೆ ಕಲ್ಲಾಗಿದೆ. ಪ್ರಿಂಟ್ ಹೆಡ್‌ನ ರಂಧ್ರದಲ್ಲೂ ಆಗುವುದು ಅದೇ.

ಎಷ್ಟು ಎಂದು ಲೆಕ್ಕ ಹಾಕೋಣ. ಕುಡಿಯುವ ನೀರಿನಲ್ಲಿ ಕರಗಿದ ಲವಣಗಳಿಗೆ ಭಾರತೀಯ ಮಾನಕ ಸಂಸ್ಥೆ ಇಟ್ಟಿರುವ ಒಪ್ಪಿತ ಮಿತಿ ಲೀಟರಿಗೆ 500 ಮಿಲಿಗ್ರಾಂ; ಬೇರೆ ನೀರೇ ಇಲ್ಲದ ಕಡೆ 2000ದವರೆಗೆ. ನಡುವೆ 1000 ಎಂದಿಟ್ಟುಕೊಳ್ಳಿ. ಡ್ರಾಪರಿನ ಒಂದು ಹನಿ 0.05 ಮಿಲಿಲೀಟರ್. ಅದರಲ್ಲಿ ಲವಣ 0.05 ಮಿಲಿಗ್ರಾಂ. ಸಾಂದ್ರತೆ ಸುಮಾರು 2.5 ಎಂದರೆ ಅದರ ಗಾತ್ರ 0.02 ಘನ ಮಿಲಿಮೀಟರ್. ಬಹಳ ಅಲ್ಪ, ನಿಜ. ಆದರೆ 20 ಮೈಕ್ರೋಮೀಟರ್ ಅಗಲ, 50 ಮೈಕ್ರೋಮೀಟರ್ ಆಳದ ಒಂದು ರಂಧ್ರದ ಗಾತ್ರವನ್ನು ಸಿಲಿಂಡರಿನ ಸೂತ್ರದಿಂದ ತೆಗೆಯಿರಿ, ಭಾಗಿಸಿ. ಒಂದು ಹನಿ ಬೋರ್ ನೀರಿನಲ್ಲಿರುವ ಲವಣ ಹನ್ನೆರಡು ನೂರಕ್ಕೂ ಹೆಚ್ಚು ರಂಧ್ರಗಳನ್ನು ತುಂಬುವಷ್ಟಾಗುತ್ತದೆ. ಹನಿಯ ಲವಣವೆಲ್ಲ ನೇರವಾಗಿ ರಂಧ್ರದಲ್ಲೇ ಹೋಗಿ ಕೂರುವುದಿಲ್ಲ, ಒಪ್ಪುತ್ತೇನೆ. ಆದರೂ ಲೆಕ್ಕ ಯಾವ ಕಡೆ ವಾಲುತ್ತದೆ ಎಂಬುದು ಕಾಣುತ್ತದಲ್ಲವೇ? ಶಾಯಿಯ ಗಂಟು ನೀರಿಗೆ ಬಿಡುತ್ತದೆ. ಸುಣ್ಣದ ಗಂಟು ಬಿಡುವುದಿಲ್ಲ. ಬಿಡಿಸಬಲ್ಲ ಕಾಯಿಲೆಯನ್ನು ಬಿಡಿಸಲಾಗದ ಕಾಯಿಲೆಯಾಗಿ ಮಾಡಿಕೊಂಡಂತೆ.

ಸುರಪುರ, ಹುಣಸಗಿ ಕಡೆಯ ಕಾಲುವೆ ನೀರು ಸಾಮಾನ್ಯವಾಗಿ ಬೋರ್ ನೀರಿನಷ್ಟು ಗಡಸಲ್ಲ, ಆದರೆ ಅದರಲ್ಲಿ ಮಣ್ಣಿನ ಸಣ್ಣ ಕಣ ಇರುತ್ತದೆ. ಕುದಿಸಿದ ನೀರೂ ಸಾಲದು; ಕುದಿಸಿದರೆ ತಾತ್ಕಾಲಿಕ ಗಡಸುತನ ಹೋಗುತ್ತದೆ, ಕ್ಲೋರೈಡ್ ಮತ್ತು ಸಲ್ಫೇಟುಗಳು ಹಾಗೆಯೇ ಉಳಿಯುತ್ತವೆ. ಆರ್‌ಓ ನೀರಿನಲ್ಲಿ ಲವಣ ಬಹಳ ಕಡಿಮೆ. ರೋಲರ್, ಹೊರಮೈ ಒರೆಸಲು ಧಾರಾಳವಾಗಿ ಆಗುತ್ತದೆ. ಹೆಡ್‌ಗೆ ಮಾತ್ರ ಬಟ್ಟಿ ಇಳಿಸಿದ್ದೇ ಬೇಕು.

ಅದು ಎಲ್ಲಿ ಸಿಗುತ್ತದೆ? ಇನ್ವರ್ಟರ್, ಬ್ಯಾಟರಿ ಅಂಗಡಿಯಲ್ಲಿ “ಬ್ಯಾಟರಿ ವಾಟರ್” ಎಂದು ಮಾರುತ್ತಾರಲ್ಲ, ಅದೇ. ಒಂದು ಎಚ್ಚರಿಕೆಯನ್ನು ಮಾತ್ರ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ ಎಂದುಕೊಂಡು ಓದಿ. ಅದೇ ಅಂಗಡಿಯಲ್ಲಿ, ಅದೇ ತರಹದ ಕ್ಯಾನಿನಲ್ಲಿ ಬ್ಯಾಟರಿ ಆಸಿಡ್ ಕೂಡ ಇರುತ್ತದೆ. ಅದು ದುರ್ಬಲಗೊಳಿಸಿದ ಸಲ್ಫ್ಯೂರಿಕ್ ಆಮ್ಲ, ನೋಡಲು ನೀರೇ. ಲೇಬಲ್ ಇಲ್ಲದ ಸಡಿಲು ಬಾಟಲಿಯಲ್ಲಿ ತರಬೇಡಿ. ಸಂಶಯವಿದ್ದರೆ ನೀಲಿ ಲಿಟ್ಮಸ್ ಪಟ್ಟಿ ಅದ್ದಿ, ಕೆಂಪಾದರೆ ಮುಟ್ಟಬೇಡಿ. ನಾಲಿಗೆಗೆ ಹಚ್ಚಿ ನೋಡುವ ಬುದ್ಧಿವಂತಿಕೆ ಬೇಡ.

ಕಪಾಟಿನ ಉಳಿದ ಬಾಟಲಿಗಳು

ನಿಮ್ಮ ಶಾಯಿ ಡೈ ಜಾತಿಯದೋ ಪಿಗ್ಮೆಂಟ್ ಜಾತಿಯದೋ ಎಂಬುದು ಇಲ್ಲಿ ಮುಖ್ಯ. ಡೈ ನೀರಿನಲ್ಲಿ ಸಕ್ಕರೆಯಂತೆ ಕರಗಿರುತ್ತದೆ. ಪಿಗ್ಮೆಂಟ್ ಕರಗುವುದಿಲ್ಲ; ಅದು ಅತಿಸಣ್ಣ ಪುಡಿ, ನೀರಿನಲ್ಲಿ ತೇಲಿಕೊಂಡಿರುತ್ತದೆ. ಅನೇಕ ಪ್ರಿಂಟರ್‌ಗಳಲ್ಲಿ ಕಪ್ಪು ಪಿಗ್ಮೆಂಟ್, ಉಳಿದ ಬಣ್ಣ ಡೈ. ನಮ್ಮ ಹಿರಿಯರು ಕಲಮಿನಿಂದ ಬರೆಯುತ್ತಿದ್ದ ಸಿಯಾಹಿ ಇದೇ ತತ್ವದ್ದು: ದೀಪದ ಕಾಡಿಗೆ, ಗೋಂದು, ನೀರು. ಕಾಡಿಗೆ ಅಂದರೆ ಇಂಗಾಲ. ಪ್ರಿಂಟರ್‌ನ ಕಪ್ಪು ಪಿಗ್ಮೆಂಟ್ ಕೂಡ ಇಂಗಾಲವೇ. ಗೋಂದು ಮಾಡುತ್ತಿದ್ದ ಕೆಲಸವನ್ನು, ಅಂದರೆ ಪುಡಿ ಒಂದಕ್ಕೊಂದು ಅಂಟಿ ಕೆಳಗೆ ಕೂರದಂತೆ ನೋಡಿಕೊಳ್ಳುವುದನ್ನು, ಈಗ ಕಣಗಳ ಮೇಲಿನ ಋಣ ವಿದ್ಯುದಂಶ ಮಾಡುತ್ತದೆ. ಸಮಾನ ವಿದ್ಯುದಂಶಗಳು ವಿಕರ್ಷಿಸುತ್ತವೆ, ಕಣಗಳು ದೂರ ದೂರ ಇರುತ್ತವೆ.

ಯಾವುದು ಎಂದು ಮನೆಯಲ್ಲೇ ತಿಳಿಯಬಹುದು. ಫಿಲ್ಟರ್ ಕಾಗದದ ಪಟ್ಟಿಯ ಕೆಳಭಾಗದಲ್ಲಿ ಶಾಯಿಯ ಒಂದು ಚುಕ್ಕಿ ಇಟ್ಟು ಒಣಗಿಸಿ, ಚುಕ್ಕಿ ಮುಳುಗದಂತೆ ತುದಿಯನ್ನು ನೀರಿಗೆ ಅದ್ದಿ ನಿಲ್ಲಿಸಿ. ಡೈ ಆದರೆ ನೀರಿನ ಜೊತೆ ಮೇಲಕ್ಕೆ ಏರುತ್ತದೆ, ಎಷ್ಟೋ ಸಲ ಎರಡು ಮೂರು ಬಣ್ಣಗಳಾಗಿ ಬೇರ್ಪಡುತ್ತದೆ. ಪಿಗ್ಮೆಂಟ್ ಇದ್ದಲ್ಲೇ ಇರುತ್ತದೆ. ಪ್ರಥಮ ಪಿಯುಸಿಯ ಕ್ರೊಮ್ಯಾಟೊಗ್ರಫಿ ಇದೇ.

ಈಗ ವಿನೆಗರ್ ಅಥವಾ ನಿಂಬೆರಸದ ಸಲಹೆಯನ್ನು ನೋಡಿ. ಆಮ್ಲ ಬಿದ್ದ ಕೂಡಲೇ ಆ ಋಣ ವಿದ್ಯುದಂಶ ಹೋಗುತ್ತದೆ, ಕಣಗಳು ಒಂದಕ್ಕೊಂದು ಅಂಟಿ ಗಂಟಾಗುತ್ತವೆ. ಹಾಲಿಗೆ ನಿಂಬೆ ಹಿಂಡಿದ ಹಾಗೆ. ಪಿಗ್ಮೆಂಟ್ ಶಾಯಿ ಒಡೆದು ಮೊಸರಾದರೆ ಹೆಡ್ ಒಳಗಿನಿಂದಲೇ ಕಟ್ಟುತ್ತದೆ. ಮೆಡಿಕಲ್ ಅಂಗಡಿಯ ಸ್ಪಿರಿಟ್ ಕೂಡ ಹೆಚ್ಚಾದರೆ ಇದೇ ತೊಂದರೆ ಕೊಡಬಲ್ಲದು. ಹೊರಗಿನ ಪ್ಲಾಸ್ಟಿಕ್ ಮೇಲಿನ ಒಣ ಕಲೆಗೆ ಬಟ್ಟೆಯ ತುದಿಯಲ್ಲಿ ಒಂದೆರಡು ಹನಿ ಸ್ಪಿರಿಟ್ ಸಾಕು, ಹೆಡ್‌ಗೆ ಬೇಡ. ಕರೋನಾ ಕಾಲದಲ್ಲಿ ಉಳಿದ ಸ್ಯಾನಿಟೈಸರ್ ಜೆಲ್ ಅಂತೂ ಎಲ್ಲಿಗೂ ಬೇಡ. ಅದನ್ನು ಗಟ್ಟಿ ಮಾಡಲು ಹಾಕಿದ ಪಾಲಿಮರ್, ಸ್ಪಿರಿಟ್ ಹಾರಿಹೋದ ಮೇಲೆ ಅಂಟಾಗಿ ಉಳಿಯುತ್ತದೆ.

ಆ ಮೂವರು ಕೇಳಿದ ನೇಲ್ ಪಾಲಿಶ್ ರಿಮೂವರ್‌ನಲ್ಲಿ ಸಾಮಾನ್ಯವಾಗಿ ಇರುವುದು ಅಸಿಟೋನ್. ಒಂದು ತುಂಡು ಥರ್ಮಾಕೋಲ್ ಮೇಲೆ ಎರಡು ಹನಿ ಬಿಟ್ಟು ನೋಡಿ, ಕುಳಿ ಬಿದ್ದು ಕುಸಿಯುತ್ತದೆ. ಪ್ರಿಂಟರ್‌ನ ಮೈ ಬಹುತೇಕ ಎಬಿಎಸ್ ಅಥವಾ ಪಾಲಿಸ್ಟೈರೀನ್ ಜಾತಿಯ ಪ್ಲಾಸ್ಟಿಕ್. ಅಸಿಟೋನ್ ಎರಡನ್ನೂ ಕರಗಿಸುತ್ತದೆ. “ಸಮಾನವು ಸಮಾನವನ್ನು ಕರಗಿಸುತ್ತದೆ” ಎಂದು ಬಾಯಿಪಾಠ ಮಾಡುತ್ತೀರಲ್ಲ, ಅದು ಇದೇ. ಥಿನ್ನರ್, ಪೆಟ್ರೋಲ್ ಕೂಡ ಇದೇ ಸಾಲಿಗೆ ಸೇರಿದವು, ಮೇಲಾಗಿ ಬೆಂಕಿಯ ಭಯ ಬೇರೆ. ಹೆಡ್ ಓಡಾಡುವ ಕಡ್ಡಿ ಕಿರ್ ಎಂದರೆ ಕೊಬ್ಬರಿ ಎಣ್ಣೆ ಬಿಡುವವರಿದ್ದಾರೆ. ಎಣ್ಣೆ ಧೂಳನ್ನು ಹಿಡಿದು ಕೆಲವು ತಿಂಗಳಲ್ಲಿ ಜಿಡ್ಡಾಗುತ್ತದೆ. ಹತ್ತಿ, ತೊಗರಿ ಸುಗ್ಗಿಯಲ್ಲಿ ನಮ್ಮ ಮನೆಗಳೊಳಗೆ ಬರುವ ಧೂಳು ನಿಮಗೆ ಗೊತ್ತೇ ಇದೆ.

ಬ್ಲೀಚಿಂಗ್ ಪೌಡರ್ ಮತ್ತು ಟಾಯ್ಲೆಟ್ ಕ್ಲೀನರ್ ವಿಷಯ ಪ್ರಿಂಟರ್‌ಗಿಂತ ದೊಡ್ಡದು. ನೆಲದ ಮೇಲೆ ಚೆಲ್ಲಿದ ಶಾಯಿಯ ಕಲೆ ಹೋಗಲಿ ಎಂದು ಇವನ್ನು ತರುತ್ತಾರೆ. ಒಂದು ಹೋಗದಿದ್ದರೆ ಅದರ ಮೇಲೆ ಇನ್ನೊಂದು. ಟಾಯ್ಲೆಟ್ ಕ್ಲೀನರ್‌ನಲ್ಲಿರುವ ಹೈಡ್ರೋಕ್ಲೋರಿಕ್ ಆಮ್ಲ ಬ್ಲೀಚಿಂಗ್ ಪೌಡರ್ ಜೊತೆ ಸೇರಿದರೆ ಕ್ಲೋರಿನ್ ಅನಿಲ ಹೊರಡುತ್ತದೆ. ಮುಚ್ಚಿದ ಕೋಣೆಯಲ್ಲಿ ಅದು ಪ್ರಾಣಕ್ಕೇ ಅಪಾಯ. ಬ್ಲೀಚ್ ಜೊತೆ ಅಮೋನಿಯಾ ಇರುವ ಗಾಜಿನ ಕ್ಲೀನರ್ ಸೇರಿದರೂ ವಿಷಾನಿಲವೇ. ಮನೆಯಲ್ಲಿ ಅಮ್ಮಿ, ಅಕ್ಕ ಎಲ್ಲರಿಗೂ ಈ ಒಂದು ಮಾತು ತಪ್ಪದೆ ಹೇಳಿ. ಪ್ರಿಂಟರ್ ಹಾಳಾದರೆ ಇನ್ನೊಂದು ತರಬಹುದು. ಪರಸಿ ನೆಲಕ್ಕೆ ಆಮ್ಲ ಬಿದ್ದರೆ ಬುರುಬುರು ನೊರೆ ಬಂದು ಹೊಳಪು ಹೋಗುತ್ತದೆ, ಕಲೆ ಹೋದರೂ ಕಲ್ಲಿನ ಮೇಲೆ ಬೇರೆ ಕಲೆ ಉಳಿಯುತ್ತದೆ. ಶಾಯಿ ಚೆಲ್ಲಿದ ಕೂಡಲೇ ಒಣ ಕಾಗದದಿಂದ ಹೀರಿಸಿ, ಆಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದ ನೀರಿನಿಂದ ಒರೆಸಿ.

ಕೈ ಹಾಕುವ ಕ್ರಮ

ಮೊದಲು ನಾಝಲ್ ಚೆಕ್ ಪುಟ ತೆಗೆಯಿರಿ. ಗೆರೆಗಳು ಎಲ್ಲಿ ತುಂಡಾಗಿವೆ, ಯಾವ ಬಣ್ಣದಲ್ಲಿ ಎಂದು ನೋಡಿ, ಆ ಪುಟದ ಮೇಲೆ ದಿನಾಂಕ ಬರೆದಿಡಿ. ಗೆರೆಗಳೆಲ್ಲ ಸರಿಯಿದ್ದೂ ಪ್ರಿಂಟ್ ಕೊಳಕಾಗಿದ್ದರೆ ದೋಷ ಹೆಡ್‌ನದಲ್ಲ, ರೋಲರಿನದೋ ಕಾಗದದ್ದೋ. ಜೆರಾಕ್ಸ್ ತೆಗೆದಾಗ ಮಾತ್ರ ಕಲೆ ಬಂದರೆ ಸ್ಕ್ಯಾನರ್ ಗಾಜಿನ ಮೇಲಿನ ಕೊಳೆ. ಒದ್ದೆ ಮಾಡಿ ಹಿಂಡಿದ ಮೆತ್ತನೆಯ ಬಟ್ಟೆಯಿಂದ ಒರೆಸಿದರೆ ಮುಗಿಯಿತು. ನೀರನ್ನು ಗಾಜಿನ ಮೇಲೆ ನೇರ ಚಿಮುಕಿಸಿದರೆ ಅಂಚಿನಿಂದ ಒಳಗೆ ಇಳಿಯುತ್ತದೆ.

ಗೆರೆ ತುಂಡಾಗಿದ್ದರೆ ಪ್ರಿಂಟರ್‌ನದೇ ಹೆಡ್ ಕ್ಲೀನಿಂಗ್ ಎರಡು ಸಲ, ಹೆಚ್ಚೆಂದರೆ ಮೂರು ಸಲ. ಪ್ರತಿ ಸಲವೂ ಶಾಯಿಯನ್ನು ಎಳೆದು ತಳದಲ್ಲಿರುವ ಸ್ಪಂಜಿನ ಪ್ಯಾಡಿಗೆ ಸುರಿಯುತ್ತದೆ. ಆ ಪ್ಯಾಡ್ ತುಂಬಿತು ಎಂದು ಯಂತ್ರದ ಲೆಕ್ಕಕ್ಕೆ ಬಂದರೆ ಪ್ರಿಂಟರ್ ಕೆಲಸವನ್ನೇ ನಿಲ್ಲಿಸುತ್ತದೆ. ಮೂರು ಸಲಕ್ಕೆ ಸರಿಹೋಗದಿದ್ದರೆ ಗುಂಡಿಯಿಂದ ಆರಿಸಿ ರಾತ್ರಿಯಿಡೀ ಬಿಡಿ. ಕೊಳವೆಯಲ್ಲಿ ಗಾಳಿ ಗುಳ್ಳೆ ಇದ್ದರೆ ಅಷ್ಟರಲ್ಲಿ ಏರಿಹೋಗುತ್ತದೆ, ಗಟ್ಟಿ ಶಾಯಿ ಸ್ವಲ್ಪ ಮೆತ್ತಗಾಗುತ್ತದೆ. ಬೆಳಿಗ್ಗೆ ತಾನಾಗಿಯೇ ಸರಿಯಾದ ಪ್ರಿಂಟರ್‌ಗಳನ್ನು ನೋಡಿದ್ದೇನೆ.

ಕಾರ್ಟ್ರಿಜ್ ಜಾತಿಯದಾದರೆ ಸುಲಭ. ಟಿಶ್ಯೂ ಕಾಗದವನ್ನು ನಾಲ್ಕು ಮಡಿಕೆ ಮಾಡಿ, ಉಗುರುಬೆಚ್ಚಗಿನ ಬಟ್ಟಿ ನೀರಿನಲ್ಲಿ ನೆನೆಸಿ ತಟ್ಟೆಯಲ್ಲಿಟ್ಟು, ಅದರ ಮೇಲೆ ಕಾರ್ಟ್ರಿಜ್‌ನ ತಳವನ್ನು ಐದು ನಿಮಿಷ ಕೂರಿಸಿ. ಕೇಶಾಕರ್ಷಣೆಯಿಂದ ಶಾಯಿ ಕೆಳಗೆ ಇಳಿದು ಟಿಶ್ಯೂ ಮೇಲೆ ಪಟ್ಟಿ ಮೂಡುತ್ತದೆ. ತ್ರಿವರ್ಣ ಕಾರ್ಟ್ರಿಜ್ ಆದರೆ ಮೂರು ಬಣ್ಣ ಪ್ರತ್ಯೇಕ ಕಾಣಬೇಕು. ತಾಮ್ರದ ಬಣ್ಣದ ಚುಕ್ಕಿಗಳಿಗೆ ನೀರು ತಾಗಿದರೆ ಪೂರ್ತಿ ಒಣಗುವವರೆಗೆ ಯಂತ್ರಕ್ಕೆ ಹಾಕಬೇಡಿ. ರಂಧ್ರದ ಪಟ್ಟಿಯನ್ನು ಬೆರಳಿನಿಂದ ಉಜ್ಜಬೇಡಿ, ಚರ್ಮದ ಜಿಡ್ಡು ಸಾಕು ಹನಿ ಸೊಟ್ಟ ಹಾರಲು.

ಹೆಡ್ ಯಂತ್ರಕ್ಕೇ ಕೂಡಿಕೊಂಡಿದ್ದರೆ ಸ್ವಲ್ಪ ತಾಳ್ಮೆ ಬೇಕು. ಪ್ರಿಂಟರ್ ಆನ್ ಮಾಡಿ, ಹೆಡ್ ನಡುವೆ ಬಂದಾಗ ಪ್ಲಗ್ ತೆಗೆಯಿರಿ. ಬಾಯಿ ತೆರೆದು ನಿಲ್ಲಿಸಬೇಡಿ ಎಂದು ಮೇಲೆ ಹೇಳಿದ್ದನ್ನೇ ಇಲ್ಲಿ ಹತ್ತು ನಿಮಿಷದ ಮಟ್ಟಿಗೆ ಬೇಕೆಂದೇ ಮಾಡುತ್ತಿದ್ದೇವೆ. ಪ್ಲಗ್ ತೆಗೆದ ಮೇಲೆ ಹೆಡ್ಡನ್ನು ಕೈಯಿಂದ ನಿಧಾನ ಸರಿಸಬಹುದು. ತಡೆದರೆ ಬಲ ಹಾಕಬೇಡಿ. ಬಲತುದಿಯ ಮುಚ್ಚಳದ ತೊಟ್ಟಿಯಲ್ಲಿ ಸ್ಪಂಜು ಕಾಣುತ್ತದೆ, ಅಂಚಿನಲ್ಲಿ ಒಣ ಶಾಯಿ ಕಟ್ಟಿರುತ್ತದೆ. ನೂಲು ಬಿಡದ ಬಟ್ಟೆಯನ್ನು ಬಟ್ಟಿ ನೀರಿನಲ್ಲಿ ಅದ್ದಿ ರಬ್ಬರ್ ಅಂಚನ್ನು ಒರೆಸಿ. ಹಳೆ ಬನಿಯನ್ ಬೇಡ, ಎಳೆ ಬಿಡುತ್ತದೆ. ಕನ್ನಡಕದ ಬಟ್ಟೆ ಒಳ್ಳೆಯದು. ಸೂಜಿ ತೆಗೆದ ಸಿರಿಂಜಿನಿಂದ ಸ್ಪಂಜಿನ ಮೇಲೆ ಹತ್ತಿಪ್ಪತ್ತು ಹನಿ ಬಟ್ಟಿ ನೀರು ಬಿಡಿ, ತುಂಬಿ ಹರಿಯುವಷ್ಟಲ್ಲ. ಪ್ಲಗ್ ಹಾಕಿ ಆನ್ ಮಾಡಿ, ಗುಂಡಿಯಿಂದ ಆರಿಸಿ. ಹೆಡ್ ಒದ್ದೆ ಸ್ಪಂಜಿನ ಮೇಲೆ ಬಂದು ಕೂರುತ್ತದೆ. ಒಂದು ರಾತ್ರಿ ಹಾಗೇ ಇರಲಿ, ಬೆಳಿಗ್ಗೆ ಒಂದು ಕ್ಲೀನಿಂಗ್, ಒಂದು ನಾಝಲ್ ಚೆಕ್. ಸಿರಿಂಜಿನಿಂದ ಹೆಡ್‌ನೊಳಗೆ ಒತ್ತಡ ಹಾಕಿ ನೀರು ನುಗ್ಗಿಸುವುದನ್ನು ಕೆಲವರು ತೋರಿಸುತ್ತಾರೆ. ಪೀಜೋ ಕೋಶದ ಪದರ ಬಹಳ ತೆಳು, ಸಿರಿಂಜಿನ ಒತ್ತಡಕ್ಕೆ ಹರಿಯಬಹುದು. ಆ ಕೆಲಸ ಬಲ್ಲವರಿಗೇ ಬಿಡಿ.

ಹೆಡ್ ಓಡುವ ದಾರಿಯಲ್ಲಿ ತೆಳ್ಳಗಿನ ಪಾರದರ್ಶಕ ಪಟ್ಟಿಯೊಂದು ಉದ್ದಕ್ಕೂ ಬಿಗಿದಿರುತ್ತದೆ. ಅದರ ಮೇಲಿನ ಸೂಕ್ಷ್ಮ ಗೆರೆಗಳನ್ನು ಓದಿಯೇ ಹೆಡ್‌ಗೆ ತಾನೆಲ್ಲಿದ್ದೇನೆ ಎಂದು ತಿಳಿಯುವುದು. ಕೊಳೆಯಾಗಿದ್ದರೆ ಒದ್ದೆ ಬಟ್ಟೆಯಿಂದ ಹಗುರಾಗಿ ಒಂದು ಸಲ ಒರೆಸಿ ಬಿಡಿ. ಸ್ಪಿರಿಟ್ ತಾಗಿಸಿದರೆ ಗೆರೆ ಅಳಿಸಬಹುದು, ಆಮೇಲೆ ಹೆಡ್ ಗೋಡೆಗೆ ಬಡಿಯುತ್ತದೆ. ಕಾಗದ ಎಳೆಯದ ರೋಲರ್‌ಗೆ ಆರ್‌ಓ ನೀರಿನ ಒದ್ದೆ ಬಟ್ಟೆ ಸಾಕು. ಧೂಳಿಗೆ ಒಣ ಪೇಂಟ್ ಬ್ರಷ್. ಸೈಕಲ್ ಅಂಗಡಿಯ ಕಂಪ್ರೆಸರ್ ಗಾಳಿ ಬೇಡ, ಅದರಲ್ಲಿ ಎಣ್ಣೆ ಮತ್ತು ತೇವ ಎರಡೂ ಇರುತ್ತವೆ.

ಶಹಾಪುರ ತಾಲ್ಲೂಕಿನಿಂದ ಬರುವ ನಮ್ಮ ದ್ವಿತೀಯ ಪಿಯುಸಿ ವಿದ್ಯಾರ್ಥಿನಿಯೊಬ್ಬಳ ಅಣ್ಣ ಊರಲ್ಲಿ ಅರ್ಜಿ ತುಂಬಿಕೊಡುವ ಕೆಲಸ ಮಾಡುತ್ತಾರೆ. ಎರಡು ತಿಂಗಳು ಬೆಂಗಳೂರಿಗೆ ಸೆಂಟ್ರಿಂಗ್ ಕೆಲಸಕ್ಕೆ ಹೋಗಿ ಬಂದಾಗ ಸ್ಕಾಲರ್‌ಶಿಪ್ ಅರ್ಜಿಗಳ ಕೊನೆಯ ವಾರ, ಪ್ರಿಂಟರ್‌ನಲ್ಲಿ ಕಪ್ಪು ಬಣ್ಣವೇ ಇಲ್ಲ. “ಎಂಟು ಸಲ ಕ್ಲೀನಿಂಗ್ ಕೊಟ್ಟೀವ್ರಿ ಸರ್, ಶಾಯಿ ಬಾಟ್ಲಿ ಅರ್ಧ ಆತು. ಭಾಯಿ ಹೊಸಾದೇ ತಗೋಬೇಕಾತದ ಅಂತಾರ್ರಿ, ಇದರ ಕಂತೇ ಇನ್ನೂ ಮುಗಿದಿಲ್ರಿ” ಎಂದಳು. “ಕ್ಲೀನಿಂಗ್ ನಿಲ್ಸಮ್ಮ ಮೊದಲು” ಎಂದೆ. ಮೇಲೆ ಬರೆದ ಸ್ಪಂಜಿನ ಕ್ರಮ ಹೇಳಿ, ಮೂರು ರಾತ್ರಿ ಮಾಡಿ, ಪ್ರತಿ ಬೆಳಿಗ್ಗೆಯ ನಾಝಲ್ ಚೆಕ್ ಪುಟ ತೋರಿಸು ಎಂದೆ. ಮೊದಲ ಬೆಳಿಗ್ಗೆ ಕಪ್ಪಿನಲ್ಲಿ ಏನೂ ಇಲ್ಲ. ಎರಡನೆಯ ಬೆಳಿಗ್ಗೆ ಅರ್ಧ ಗೆರೆಗಳು ಬಂದವು. ಮೂರನೆಯ ಬೆಳಿಗ್ಗೆ ಕಪ್ಪು ಪೂರ್ತಿ ಬಂದಿತ್ತು. ಹಳದಿಯಲ್ಲಿ ಮಾತ್ರ ಐದಾರು ಗೆರೆ ಕೊನೆಗೂ ಬರಲಿಲ್ಲ. ಅರ್ಜಿಗಳಿಗೆ ಬೇಕಾದದ್ದು ಕಪ್ಪು. ಕಲರ್ ಫೋಟೋ ಕೇಳುವವರನ್ನು ಅವರು ಈಗ ಪಕ್ಕದ ಅಂಗಡಿಗೆ ಕಳಿಸುತ್ತಾರೆ. ಎಲ್ಲ ಸಲವೂ ಇಷ್ಟಾದರೂ ಸಿಗುತ್ತದೆ ಎಂದು ನಾನು ಹೇಳಲಾರೆ. ಮೂರು ನಾಲ್ಕು ರಾತ್ರಿಗೂ ನಾಝಲ್ ಚೆಕ್ ಪುಟದಲ್ಲಿ ಏನೂ ಬದಲಾಗದಿದ್ದರೆ, ಅಥವಾ ಒಂದು ಬಣ್ಣದ ಎಲ್ಲ ಗೆರೆಗಳೂ ಒಮ್ಮೆಲೇ ಮಾಯವಾಗಿದ್ದರೆ, ಅದು ವಿದ್ಯುತ್ತಿನ ದೋಷವಿರಬಹುದು. ಸರ್ವಿಸ್ ಸೆಂಟರ್‌ಗೆ ಒಯ್ಯಿರಿ. ಗ್ಯಾರಂಟಿ ಅವಧಿ ಇದ್ದರಂತೂ ಒಳಗೆ ಕೈ ಹಾಕುವ ಮೊದಲೇ ಒಯ್ಯಿರಿ.

ಬ್ಯಾಟರಿ ವಾಟರ್ ಬಗ್ಗೆ ಸಂಶಯವಿರುವವರು ಬಾಟಲಿಯನ್ನು ಅಲುಗದಂತೆ ನಿಲ್ಲಿಸಿಕೊಂಡು ರಸಾಯನಶಾಸ್ತ್ರ ಲ್ಯಾಬಿಗೆ ತನ್ನಿ, ಲಿಟ್ಮಸ್ ಹಾಕಿ ನೋಡೋಣ. ಡೈ–ಪಿಗ್ಮೆಂಟ್ ಪರೀಕ್ಷೆ ಮಾಡುವವರಿಗೆ ಫಿಲ್ಟರ್ ಕಾಗದದ ಪಟ್ಟಿಗಳನ್ನೂ ಕತ್ತರಿಸಿ ಇಟ್ಟಿದ್ದೇನೆ. ಶಾಯಿ ಮಾತ್ರ ನಿಮ್ಮದೇ ತರಬೇಕು.